ಪಂಚಮಿಯ ದಿನ ಹಾಕಿದ ತೂತು

ಕೊಲ್ಹಾಪುರ
ಶ್ರಾವಣ ಶನಿವಾರ, ನಸುಕು

ಬೀಗತಿ ಅನಸೂಯಾಬಾಯಿಯವರಿಗೆ ಹೌಸಾಬಾಯಿಯ ನಮಸ್ಕಾರ.

ಕಾಲಿಗೆ ಬಿದ್ದೆ ಅಂತ ಬರೆಯಬೇಕಿತ್ತು. ಆದರೆ ನಿಮ್ಮ ಮನೆಯಲ್ಲಿ ಈಗ ಕಾಲಿನ ಮಾತು ಎತ್ತಿದರೆ ಕಾಗದ ನೆಟ್ಟಗೆ ಒಲೆಗೆ ಹೋಗುತ್ತದೆ, ಅದಕ್ಕೆ ನಮಸ್ಕಾರದಲ್ಲೇ ಮುಗಿಸಿದೆ.

ಫೋನ್ ಯಾಕೆ ಮಾಡಲಿಲ್ಲ ಅಂತೀರಿ. ಮೊನ್ನೆ ಮಾಡಿದೆವಲ್ಲ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೇಳುವ ಕೆಲಸಕ್ಕೆ ಯಾರೂ ಉಳಿಯುವುದಿಲ್ಲ. ಕಾಗದವಾದರೆ ನಾನು ಮುಗಿಸುವ ತನಕ ನೀವು ನಡುವೆ ಬಾಯಿ ಹಾಕುವಂತಿಲ್ಲ. ನಾನು ನಾಲ್ಕನೆಯದರಲ್ಲಿ ಶಾಲೆ ಬಿಟ್ಟವಳು, ನೀವು ಏಳನೆಯದು ಪಾಸಾದವರು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಮದುವೆಯಲ್ಲಿ ನಮ್ಮ ಜಿಲೇಬಿ, ನಮ್ಮ ಬಾಜಾ, ನನ್ನ ಸೀರೆ, ಎಲ್ಲದರಲ್ಲೂ ತಪ್ಪು ಹುಡುಕಿದವರಿಗೆ ಇದೇನು ದೊಡ್ಡದಲ್ಲ.

ಈಗ ಮಾತಿಗೆ ಬರುತ್ತೇನೆ. ಮೊಮ್ಮಗಳು ಈಶೂನ ಪಾದ ನೆಟ್ಟಗಿರಲು ಆಸ್ಪತ್ರೆಯಲ್ಲಿ ಕೊಟ್ಟ ಬೂಟು, ಎರಡನ್ನೂ ಜೋಡಿಸುವ ಕೋಲಿನ ಸಮೇತ ನಿಮ್ಮ ಅಟ್ಟದ ಮೇಲಿದೆ ಅಂತ ನನಗೆ ಗೊತ್ತು. ಯಾರು ಹೇಳಿದರು ಅಂತ ಕೇಳಬೇಡಿ, ಸಾರಿಕಾಳನ್ನು ಬೈಯಲೂ ಬೇಡಿ. ಅವಳು ನಿಮಗೆ ಎದುರಾಡಲಾರಳು, ಹೆತ್ತ ನನಗೆ ಹೇಳದೆ ಇರಲಾರಳು. ಸೊಸೆ ಅಂದಮೇಲೆ ಎರಡು ಹೊಸ್ತಿಲ ನಡುವಿನ ಒರಳು, ಎರಡೂ ಕಡೆಯಿಂದ ಒನಕೆ ಬೀಳುತ್ತದೆ.

ನೀವು ಬೂಟು ಬಿಚ್ಚಿದ್ದು ತಪ್ಪು ಅಂತ ಹೇಳಲು ಈ ಕಾಗದವಲ್ಲ. ಕಾಲುಚೀಲ ತೆಗೆದಾಗ ಐದು ತಿಂಗಳ ಕೂಸಿನ ಹಿಮ್ಮಡಿಯಲ್ಲಿ ಕೆಂಪು ಮಾಂಸ ಕಂಡರೆ ಯಾವ ಅಜ್ಜಿ ಸುಮ್ಮನಿರುತ್ತಾಳೆ? ನೀವು ಅಟ್ಟಕ್ಕೆ ಹಾಕಿದಿರಿ, ನಾನಾಗಿದ್ದರೆ ಪಂಚಗಂಗೆ ಹೊಳೆಗೆ ಹಾಕುತ್ತಿದ್ದೆ. ಈಶು ಹುಟ್ಟಿದಾಗ ಎರಡೂ ಪಾದ ಒಳಕ್ಕೆ ಮಡಚಿದ್ದು ನೋಡಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಸಾರಿಕಾ ಗ್ರಹಣದಲ್ಲಿ ಏನೋ ಹೆಚ್ಚಿರಬೇಕು ಅಂದರಲ್ಲ. ಆವಾಗ ನೀವು ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಗ್ರಹಣ ನನ್ನ ಮನೀ ಮ್ಯಾಲಷ್ಟ ಬಿತ್ತೇನವಾ? ನೀವೆಲ್ಲಾ ಅವತ್ತು ಉಪಾಸ ಇದ್ರೇನು?" ಪ್ಲಾಸ್ಟರ್ ಹಾಕಿದ ಕೂಸನ್ನು ವಾರವಾರ ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದವರೂ ನೀವೇ. ಹಿಮ್ಮಡಿಯ ನರಕ್ಕೆ ಡಾಕ್ಟರು ಸಣ್ಣ ಗೀರು ಹಾಕಿದ ದಿನ ನನ್ನ ಕೈ ಹಿಡಿದುಕೊಂಡಿದ್ದಿರಿ. ನನ್ನ ಬಳೆ ಎರಡು ಒಡೆದವು, ಅದರ ದುಡ್ಡು ಇನ್ನೂ ಕೇಳಿಲ್ಲ.

ಅಂಥವರಿಗೆ ನಾನು ಮೊನ್ನೆ ಫೋನಿನಲ್ಲಿ ಏನಂದೆ? ನಿಮ್ಮ ಮನೆಯವರಿಗೆ ಬೂಟು ಹಾಕಲು ಬರುವುದಿಲ್ಲ, ದನಕ್ಕೆ ಹಗ್ಗ ಕಟ್ಟಿದ ಹಾಗೆ ಕಟ್ಟುತ್ತೀರಿ, ಅದಕ್ಕೇ ಹುಣ್ಣಾಗಿದೆ ಅಂದೆ. ನೀವು, ಕಾಲು ಸೊಟ್ಟಗಿದ್ದರೆ ಇರಲಿ, ಕೂಸು ನಗಲಿ, ಇನ್ನು ಆಸ್ಪತ್ರೆಯ ದಾರಿ ತುಳಿಯುವುದಿಲ್ಲ ಅಂದಿರಿ. ಆಮೇಲೆ ಯಾರು ಮೊದಲು ಫೋನ್ ಕಟ್ ಮಾಡಿದ್ದೋ ಗೊತ್ತಿಲ್ಲ.

ಸಿಟ್ಟಿನಲ್ಲೇ ಆಸ್ಪತ್ರೆಗೆ ಹೋದೆ. ಬೂಟು ಹಾಕಿ ಕೊಡುವ ಕುಸುಮತಾಯಿ ಇದ್ದಾರಲ್ಲ, ಅವರ ಬಾಯಿಂದಲೇ ನಿಮ್ಮ ತಪ್ಪು ಅನ್ನಿಸಿಕೊಂಡು ಬಂದು ನಿಮ್ಮನ್ನು ಸೋಲಿಸಬೇಕು ಅಂತ. ಅವರು ಹುಣ್ಣು ಎಲ್ಲಿ ಅಂತ ಕೇಳಿದರು. ಹಿಮ್ಮಡಿಯ ಹಿಂದೆ ಅಂದೆ.

"ಹಂಗಾದ್ರ ಪಟ್ಟಿ ಸಡಿಲ ಐತಿ," ಅಂದರು. "ಈ ಬೂಟು ಬಿಗಿ ಇದ್ದದ್ದಕ್ಕಿಂತ ಸಡಿಲಾದ್ರ ಜಾಸ್ತಿ ಕಚ್ಚತೈತ್ರಿ. ಹಿಮ್ಮಡಿ ಒಳಗ ಮ್ಯಾಲ ಕೆಳಗ ಜಾರತೈತಿ, ತೊಗಲು ಸುಲೀತೈತಿ."

ಬೇರೆ ಕೂಸಿನ ಬೂಟು ತೋರಿಸಿದರು. ಹಿಂದೆ ಸಣ್ಣ ಕಿಂಡಿ ಇದೆಯಲ್ಲ, ಅದು ಗಾಳಿಗೆ ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಹಿಮ್ಮಡಿ ಕೆಳಗೆ ಕೂತಿದೆಯೋ ಇಲ್ಲವೋ ಇಣುಕಿ ನೋಡಲಿಕ್ಕಂತೆ. ಆಮೇಲೆ ಕೇಳಿದರು, ಪಟ್ಟಿಗೆ ಯಾರಾದರೂ ಹೊಸ ತೂತು ಹಾಕಿದ್ದಾರಾ ಅಂತ.

ನಾನು ನಕ್ಕೆ. "ಅಯ್ಯ ತಾಯಿ, ತೂತು ಹಾಕೂದಂದ್ರ ನಮ್ಮ ಮನೀ ಕಸಬು," ಅಂತ ಶುರು ಮಾಡಿದೆ. ಮಾತು ಅರ್ಧಕ್ಕೇ ಬಿಟ್ಟು, ಕೈಯಲ್ಲಿದ್ದ ಆ ಬೂಟನ್ನು ಕೆಳಗಿಟ್ಟೆ.

ಅನಸೂಯಾಬಾಯಿ, ಪಂಚಮಿಗೆ ಸಾರಿಕಾ ಕೂಸಿನ ಜೊತೆ ತವರಿಗೆ ಬಂದಿದ್ದಳಲ್ಲ. ಆ ದಿನ ಹೆಚ್ಚಬಾರದು, ಕೊಯ್ಯಬಾರದು, ಚುಚ್ಚಬಾರದು. ಚಪ್ಪಲಿ ಹೊಲಿಯುವ ನಮ್ಮವರು ಹಿಂದಿನ ದಿನವೇ ತೂತು ಹಾಕುವ ಆರಿ, ಕತ್ತಿ, ಸುತ್ತಿಗೆ ಎಲ್ಲ ಗೋಣಿಯಲ್ಲಿ ಸುತ್ತಿ ಇಡುತ್ತಾರೆ. ಮಂತ್ರಿಯೇ ಬಂದು ಚಪ್ಪಲಿ ಕೇಳಿದರೂ ಮುಟ್ಟುವವರಲ್ಲ. ಸಾರಿಕಾ ಗೆಳತಿಯರ ಜೊತೆ ಜೋಕಾಲಿಗೆ ಹೋಗಿದ್ದಳು. ನಾನು ಹೂರಣದ ಕಡಬು ಬೇಯಿಸುತ್ತಿದ್ದೆ. ಹೊರಗೆ ಈಶು ಅಳುತ್ತಿತ್ತು, ಅಜ್ಜ ಎತ್ತಿಕೊಂಡು ತಿರುಗುತ್ತಿದ್ದರು. ನಡುವೆ ಸುತ್ತಿಗೆಯ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಮೊಮ್ಮಗಳನ್ನು ಆಡಿಸಲು ಏನೋ ಬಡಿಯುತ್ತಿದ್ದಾರೆ ಅಂದುಕೊಂಡೆ. ಮಧ್ಯಾಹ್ನ ಕೂಸು ಚೆನ್ನಾಗಿ ಮಲಗಿತು. ಅಜ್ಜನ ಕೈಗುಣ ಅಂತ ನಾನೇ ಹೊಗಳಿದೆ. ಇನ್ನೊಂದು ಕಡಬು ಬಡಿಸಿದೆ.

ಅಲ್ಲಿಂದ ಮುಂದೆ ಸಾರಿಕಾ ಕಟ್ಟಿದ್ದು ಅವರು ಆ ದಿನ ಬೂಟಿನ ಪಟ್ಟಿಗೆ ಹಾಕಿದ ತೂತಿಗೇ. ಸಲೀಸಾಗಿ ಹೋಗುತ್ತದೆ ಅಂತ ಕಟ್ಟಿದಳು, ಅವಳಿಗೇನು ಗೊತ್ತು. ಹುಣ್ಣು ಎದ್ದದ್ದು ನಿಮ್ಮ ಮನೆಯಲ್ಲಿ, ಬೀಜ ಬಿದ್ದದ್ದು ನಮ್ಮ ಮನೆಯಲ್ಲಿ.

ಆಸ್ಪತ್ರೆಯಿಂದ ಬಂದು ಕೇಳಿದೆ. ಅವರು ಹೆಣೆಯುತ್ತಿದ್ದ ತೊಗಲಿನಿಂದ ತಲೆ ಎತ್ತಲಿಲ್ಲ.

"ಅಳತಿತ್ತು," ಅಂದರು. "ನನಗ ಗೊತ್ತಿರೂದು ಅದೊಂದ. ಹೊಸ ತೊಗಲು ಕಚ್ಚತೈತಿ, ತುಸು ಸಡಿಲ ಬಿಡು, ಹರಳೆಣ್ಣಿ ತಿಕ್ಕು."

ಹೌದು, ಎಣ್ಣೆಯನ್ನೂ ಸವರಿದ್ದಾರೆ. ಜಾರುವುದಕ್ಕೆ ಏನು ಬೇಕೋ ಎಲ್ಲ ಒದಗಿಸಿದ್ದಾರೆ. ನಾನು ಬೈದದ್ದು ಬರೆಯುವುದಿಲ್ಲ, ಶ್ರಾವಣ ಮಾಸ. ಎಲ್ಲ ಕೇಳಿ ಆಮೇಲೆ ಅಂದರು, "ಹೌಸಾ, ಜನ್ಮ ಎಲ್ಲಾ ಕಾಲು ಚಪ್ಪಲಿಗಿ ಬುದ್ಧಿ ಕಲಸೂದು ನೋಡೀನಿ. ಚಪ್ಪಲಿ ಕಾಲಿಗಿ ಬುದ್ಧಿ ಕಲಸತೈತಿ ಅಂತ ನನಗ ಹ್ಯಾಂಗ ತಿಳೀಬೇಕು?"

ಪಂಚಮಿಯ ದಿನ ಆರಿ ಮುಟ್ಟಿದ ಪಾಪ ಕೂಸಿಗೆ ತಟ್ಟಿತು ಅಂತ ಅವರ ತಲೆಯಲ್ಲಿ ಕೂತಿದೆ. ನಾಗಪ್ಪನಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ ಅಂದೆ. ಕೇಳುವುದಿಲ್ಲ. ತಾನೇ ಬಂದು ನಿಮ್ಮೆದುರು ಹೇಳುತ್ತೇನೆ ಅಂತ ಹೊರಟು, ಸ್ಟ್ಯಾಂಡಿನಿಂದ ತಿರುಗಿ ಬಂದರು. ಬಸ್ಸು ತುಂಬಿತ್ತಂತೆ. ಮರುದಿನವೂ ತುಂಬಿತ್ತಂತೆ. ನಿಮ್ಮ ಊರಿಗೆ ಅಷ್ಟು ಜನ ಯಾವಾಗ ಹೋಗುತ್ತಾರೆ ಅನಸೂಯಾಬಾಯಿ?

ಇಲ್ಲಿಂದ ಮುಂದೆ ನಗಿಸಲು ಬರುವುದಿಲ್ಲ ನನಗೆ. ಕುಸುಮತಾಯಿ ಹೇಳಿದ್ದು ಇಷ್ಟು. ಈ ವಯಸ್ಸಿನಲ್ಲಿ ಬೂಟು ಬಿಟ್ಟರೆ ಪಾದ ಬಂದ ದಾರಿಯನ್ನೇ ಹುಡುಕುತ್ತದೆ, ತಿರುಗಲು ಶುರುವಾದರೆ ಮತ್ತೆ ಪ್ಲಾಸ್ಟರು, ಮತ್ತೆ ಗೀರು. ಹಸಿ ಹುಣ್ಣಿನ ಮೇಲೆ ನಾವಾಗಿ ಬೂಟು ಹಾಕುವುದೂ ಬೇಡ, ತುಪ್ಪ ಅರಿಸಿನ ಎಣ್ಣೆ ಏನೂ ಹಚ್ಚುವುದೂ ಬೇಡ. ಕೂಸನ್ನೂ ಬೂಟನ್ನೂ ತರಲಿ, ಡಾಕ್ಟರು ನೋಡಿ ಹೇಳುತ್ತಾರೆ ಅಂದರು. ಸೊಟ್ಟ ಪಾದದ ಮಕ್ಕಳನ್ನು ಡಾಕ್ಟರು ನೋಡುವುದು ಸೋಮವಾರ ಮಾತ್ರ. ಈ ಸೋಮವಾರ ತಪ್ಪಿದರೆ ಇನ್ನೊಂದು ವಾರ ಬರಿಗಾಲು. ಬಿಚ್ಚಿದ ಮೇಲೆ ಎಷ್ಟು ದಿನ ಆಯಿತು ಅಂತ ನಿಮಗೇ ಗೊತ್ತು. ಬಲಪಾದದ ಹೆಬ್ಬೆರಳು ಒಳಗೆ ನೋಡುತ್ತಿದೆ ಅಂತ ಸಾರಿಕಾ ನಿನ್ನೆ ಫೋನಿನಲ್ಲಿ ಅತ್ತಳು. ನೀವೂ ನೋಡಿರುತ್ತೀರಿ. ನೋಡಿಯೂ ಹೇಳಿರಲಾರಿರಿ.

ಇದನ್ನು ಓದಿದ ಮೇಲೆ ನಿಮಗೆ ನಮ್ಮ ಮನೆಯ ಮೇಲೆ ನಂಬಿಕೆ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಈಶು ನಡೆಯುವ ತನಕ ನಮ್ಮ ಹೊಸ್ತಿಲಿಗೆ ಕಳಿಸುವುದಿಲ್ಲ ಅಂದರೆ ಒಪ್ಪಿದೆ. ಗಣಪತಿಗೂ ಬೇಡ, ದೀಪಾವಳಿಗೂ ಬೇಡ. ಬರೆದು ಒಮ್ಮೆ ಹೊಡೆದುಹಾಕಿದೆ, ಮತ್ತೆ ಬರೆದೆ. ನಾನೇ ಬಂದು ನಿಮ್ಮ ಪಡಸಾಲೆಯಲ್ಲಿ ನೋಡಿಕೊಂಡು ಹೋಗುತ್ತೇನೆ, ಚಹಾಕ್ಕೆ ಸಕ್ಕರೆ ಹಾಕದಿದ್ದರೂ ಕುಡಿಯುತ್ತೇನೆ. ಅಟ್ಟಕ್ಕೆ ಏಣಿ ಇಡಿ, ಅಷ್ಟೇ ನನ್ನ ಬೇಡಿಕೆ. ನನ್ನ ಮೇಲಿನ ಸಿಟ್ಟಿನ ಭಾರ ಆ ಎರಡು ಪಾದ ಹೊರದಿರಲಿ.

ಸೋಮವಾರ ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನಿಂದ ಕೂತಿರುತ್ತೇನೆ. ನೀವು ಬಂದರೆ ಬೈಸಿಕೊಳ್ಳುತ್ತೇನೆ. ಬರದಿದ್ದರೆ ಕೂತೇ ಇರುತ್ತೇನೆ.

ಇತಿ,
ನಿಮ್ಮ ಬೀಗತಿ
ಹೌಸಾಬಾಯಿ

ತಾ.ಕ.: ಈ ಕಾಗದ ತಂದು ಕೊಟ್ಟು ಅಂಗಳದಲ್ಲೇ ನಿಂತಿರುವವರು ನಮ್ಮವರೇ. ಒಳಗೆ ಕರೆದರೂ ಬರಲಿಕ್ಕಿಲ್ಲ. ಸೋಮವಾರದ ಸುದ್ದಿ ಬಿಟ್ಟು ಬೇರೇನೂ ಬರೆದಿಲ್ಲ ಅಂತ ಅವರಿಗೆ ಹೇಳಿ ಬಸ್ಸು ಹತ್ತಿಸುತ್ತಿದ್ದೇನೆ. ಅವರಿಗೆ ಓದಲು ಬರುವುದಿಲ್ಲ. ತೂತಿನ ಮಾತು ತಾವೇ ಹೇಳಬೇಕೆಂದು ಅವರು ಬಾಯಿ ತೆರೆದರೆ, ಏನೂ ಗೊತ್ತಿಲ್ಲದವರ ಹಾಗೆ ಕೇಳಿಸಿಕೊಳ್ಳಿ. ಹೇಳಲು ಬಾಯಿ ಬರದಿದ್ದರೆ ಕೂಸನ್ನು ಹೊರಗೆ ತಂದು ಅವರ ತೊಡೆಯ ಮೇಲೆ ಹಾಕಿ.