ಸೊಟ್ಟ ಮೂಲೆಯ ಆರು ಮರಿಗಳು

ಸೊಟ್ಟಕ್ಕಾ,

ನಿನ್ನ ಮೂಲೆಯಲ್ಲಿ ನೀರುಕೋಳಿ ಮರಿ ಮಾಡಿದೆ ಕಣೇ! ಆರು ಮರಿ!

ಆಸ್ಪತ್ರೆಯ ಕೊಳಚೆ ನೀರು ತಿಳಿಯಾಗಲೆಂದು ನಾವು ಕಟ್ಟಿದ ಜೌಗುಕೊಳದಲ್ಲಿ ನಾನು ಹಗ್ಗ ಹಿಡಿದು ಸಾಲಾಗಿ ಜೊಂಡು ನೆಟ್ಟೆ. ನೀನು ಒಂದು ಮೂಲೆಯಲ್ಲಿ ಮನಸ್ಸಿಗೆ ಬಂದಲ್ಲಿ ಸೊಟ್ಟಸೊಟ್ಟಗೆ, ಗುಂಪುಗುಂಪಾಗಿ ನೆಟ್ಟೆ. ಎಲ್ಲರೆದುರು ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮರುದಿನದಿಂದ ನೀನು ಕೆಲಸಕ್ಕೆ ಬರಲಿಲ್ಲ.

ಇವತ್ತು ಬೆಳಿಗ್ಗೆ ಪರೀಕ್ಷೆಗೆ ನೀರು ತುಂಬಿಕೊಳ್ಳುವಾಗ ಮರಿಗಳು ನಿನ್ನ ಜೊಂಡಿನೊಳಗಿಂದ ಹಗ್ಗ ಹಿಡಿದಷ್ಟು ನೇರವಾಗಿ ಈಜಿ ಬಂದವು. ನನ್ನ ಸಾಲುಗಳತ್ತ ತಾಯಿಹಕ್ಕಿ ತಿರುಗಿಯೂ ನೋಡಲಿಲ್ಲ. ಖುಷಿಗೆ ಬಾಟಲಿಯನ್ನೇ ಬೀಳಿಸಿಬಿಟ್ಟೆ.

ಮಧ್ಯಾಹ್ನ ಎರಡನೆಯ ಕೊಳಕ್ಕೆ ಜೊಂಡು ಬಂತು. "ಹಗ್ಗ ಎಲ್ಲಿ ಮೇಡಂ?" ಎಂದು ತೋಟದವರು ಕೇಳಿದರು.

"ಹಗ್ಗ ಬೇಡ, ಸೊಟ್ಟಗೇ ನೆಡಿ" ಎಂದೆ.

ಆ ಹಗ್ಗ ಈಗ ಮೇಜಿನ ಖಾನೆಯಲ್ಲಿದೆ. ಅಂಚೆಗೆ ಹಾಕದ ಈ ಕಾಗದವೂ ಅದರ ಪಕ್ಕದಲ್ಲೇ ಇರುತ್ತದೆ.