ತುಟಿ ಆಡಿಸಿದರೆ ಸಾಕು

ಮಂಗಳವಾರ

ಮಾವ,

ನೀವು ನಿಮ್ಮ ಒಡಹುಟ್ಟಿದ ಅಕ್ಕನ ಹಾಡುವ ಬಾಯಿ ಮುಚ್ಚಿಸಿದ್ದೀರಿ. ಮೇಲೆ ‘ಪೂಜ್ಯ’ ಎಂದು ಬರೆಯಲು ಕೈ ಬಾರದಿದ್ದುದು ಅದಕ್ಕೇ.

ಈ ಸಲದ ದೇವಸ್ತುತಿ ಕಛೇರಿಗಳು ಶುರುವಾದಾಗಿನಿಂದ ನೀವು ಮುಂದೆ ನಿಂತು ಹಾಡಿಸುವ ಕಾಯರ್‌ನಲ್ಲಿ, ಕೆಳದನಿಯ ಹೆಂಗಸರ ಸಾಲಿನಲ್ಲಿ, ನಾನು ಅಮ್ಮನ ಪಕ್ಕದಲ್ಲೇ ನಿಲ್ಲುತ್ತಿದ್ದೇನೆ. ಉಸಿರೆಳೆಯಬೇಕಾದ ಕಡೆ ಅವಳು ಸರಿಯಾಗಿ ಎಳೆಯುತ್ತಾಳೆ. ಬಾಯಿ ತೆರೆಯುತ್ತದೆ. ದನಿ ಬರುವುದಿಲ್ಲ. ಮೊದಲ ಕಛೇರಿಯಲ್ಲಿ ಶೀತವೆಂದುಕೊಂಡೆ. ಎರಡನೆಯದರಲ್ಲಿ ಹೆದರಿದೆ. ಮೂರನೆಯದು ಮುಗಿಸಿ ಬಸ್ಸಿಗೆ ಕಾಯುವಾಗ ಪಟ್ಟು ಹಿಡಿದು ಕೇಳಿದೆ. ಕೈಚೀಲದ ಜಿಪ್ಪನ್ನು ಎಳೆಯುತ್ತ, ಬಿಡುತ್ತ, ನೀವು ಹೇಳಿದ್ದನ್ನು ಒಪ್ಪಿಸಿದಳು. ‘ಈ ಸಲ ರೆಕಾರ್ಡಿಂಗ್ ಇದೆ ಅಕ್ಕ. ನಿನ್ ದನಿ ನಡುಗ್ತಾ ಇದೆ. ಸುಮ್ನೆ ತುಟಿ ಆಡಿಸು, ಸಾಕು. ಯಾರಿಗೂ ಹೇಳ್ಬೇಡ.’ ಆಮೇಲೆ ನನಗೇ ಸಮಾಧಾನ ಮಾಡಿದಳು: ‘ಹೋಗ್ಲಿ ಬಿಡೇ, ಅವನ ಮರ್ಯಾದೆ ಪ್ರಶ್ನೆ.’

ಮರ್ಯಾದೆಯಂತೆ! ಶ್ರುತಿ ಹಿಡಿಯಲು ಬರುವುದಿಲ್ಲವೆಂದು ಶಾಲೆಯ ಹಾಡಿನ ಗುಂಪಿನಿಂದ ಅಟ್ಟಿದಾಗ, ಅಳುತ್ತ ಬಂದ ನಿಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ಹಾಡಿಸಿದ್ದು ಇದೇ ದನಿ. ಈಗ ಅವಳು ಪಾತ್ರೆ ತೊಳೆಯುವಾಗಲೂ ಗುನುಗುವುದಿಲ್ಲ. ಇದನ್ನು ನಾನು ಕ್ಷಮಿಸುವುದಿಲ್ಲ.

ನಗುತ್ತೀರಿ, ಗೊತ್ತು. ‘ನಾಲ್ಕು ಕರಪತ್ರ ಓದಿ ಕ್ರಾಂತಿಕಾರಿ ಆಗ್ಬಿಟ್ಳು ನಮ್ ಹುಡುಗಿ’ ಎಂದು ಎಲ್ಲರ ಮುಂದೆ ಆಡಿಕೊಂಡವರಲ್ಲವೇ? ನಾಲ್ಕಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಕೆಲಸಗಾರರು ಏನನ್ನೂ ಒಡೆದು ಹಾಕಬೇಕಾಗಿಲ್ಲ, ಕೈಕಟ್ಟಿ ನಿಂತರಾಯಿತು ಎಂದು ಒಂದರಲ್ಲಿತ್ತು. ನಾವೂ ಏನನ್ನೂ ಒಡೆಯುವುದಿಲ್ಲ.

ಶನಿವಾರದ ಕೊನೆಯ ಕಛೇರಿಯಲ್ಲಿ ದೀನರನ್ನು ಮೇಲೆತ್ತುವ ದೇವರ ಸ್ತುತಿ ಇದೆಯಲ್ಲ, ಅದರ ನಡುವೆ ನಮ್ಮ ಸಾಲೊಂದೇ ಹಾಡಲೆಂದು ಗಂಡಸರು ನಿಲ್ಲಿಸುತ್ತಾರೆ, ಮೇಲುದನಿಯವರೂ ನಿಲ್ಲಿಸುತ್ತಾರೆ. ನೀವು ಕಣ್ಣು ಮುಚ್ಚಿ ಎಡಗೈಯನ್ನು ನಮ್ಮತ್ತ ಚಾಚುತ್ತೀರಿ. ಆಗ ನಮ್ಮ ಇಡೀ ಸಾಲು ಉಸಿರೆಳೆಯುತ್ತದೆ, ಬಾಯಿ ತೆರೆಯುತ್ತದೆ, ತುಟಿ ಆಡಿಸುತ್ತದೆ. ಅಷ್ಟೇ. ಆ ಮೌನ ನಿಮ್ಮ ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿ ಬರಲಿ. ಮುಂದಿನ ಕುರ್ಚಿಗಳಲ್ಲಿ ನೀವು ಕರೆಸಿ ಕೂರಿಸಿದ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿ. ನಾನು ಮಾತ್ರ ನಿಮ್ಮ ಮುಖವನ್ನೇ ನೋಡುತ್ತಿರುತ್ತೇನೆ.

ಅಮ್ಮನಿಗೆ ಇದು ಗೊತ್ತಿಲ್ಲ. ಗೊತ್ತಾದರೆ ನಿಮ್ಮ ಪರವೇ ನಿಲ್ಲುತ್ತಾಳೆ. ನನ್ನ ಹೊಟ್ಟೆ ಉರಿಯುವುದೂ ಅದಕ್ಕೇ.

ಯಾವ ಮುಲಾಜೂ ಇಲ್ಲದೆ,
ನಿಮ್ಮ ಅಕ್ಕನ ಮಗಳು

ಇನ್ನೊಂದು ಮಾತು: ಮೊದಲೇ ತಿಳಿಸುವ ಮನಸ್ಸು ನನಗಿರಲಿಲ್ಲ. ಈ ಕಾಗದ ಬರೆಸಿದವರು ಅತ್ತೆ. ಹೌದು, ನಿಮ್ಮ ಹೆಂಡತಿಯೇ. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ‘ಸರಿ’ ಎಂದವರೂ ಅವರೇ. ‘ನಾನು ಬಾಯಲ್ಲಿ ಹೇಳಿದ್ರೆ ಪೇಪರ್ ಓದ್ತಾ ಹೂಂ ಅಂದ್ಬಿಡ್ತಾರೆ ಕಣೇ. ನೀನು ಬರಿ. ನನ್ ಹೆಸರೂ ಹಾಕು. ಒಂದು ಅವಕಾಶ ಕೊಟ್ಟು ನೋಡೋಣ’ ಎಂದರು. ಅವಕಾಶ ಇಷ್ಟೇ: ಕಛೇರಿಗೆ ಮುಂಚೆ, ಇಡೀ ಕಾಯರ್‌ನ ಎದುರು, ‘ಹಾಡು ಅಕ್ಕ’ ಎಂದು ನೀವೇ ಅಮ್ಮನನ್ನು ಕೇಳಿಕೊಳ್ಳಬೇಕು. ನೀವು ಬರಬಾರದೆಂದೇ ನನ್ನ ಆಸೆ. ಆದರೂ ಅತ್ತೆಗೆ ಮಾತು ಕೊಟ್ಟಿದ್ದೇನೆ. ಶನಿವಾರ ಸಂಜೆ ಐದು ಗಂಟೆಗೆ, ಅಭ್ಯಾಸದ ಕೋಣೆಯಲ್ಲಿ.