ತಮಾಂಡಾಳ ತಾಯಿಗೆ ಒಂದು ಎಲೆ

14 ಸೆಪ್ಟೆಂಬರ್ 2025, ಭಾನುವಾರ, ಸಂಜೆ

‘ಕಾಣದೂರಿನ ಕೂಸಿಗೆ ಇಲ್ಲಿಂದಲೇ ಜೋಗುಳ’ — ಹೀಗೇ ಇತ್ತೇ ಆ ಸಾಲು? ‘ಇಲ್ಲಿಂದಲೇ’ ಎಂದಿತ್ತೋ, ‘ಇಲ್ಲೊಂದು’ ಎಂದಿತ್ತೋ. ಯಾರದೆಂಬುದೂ ಮರೆತಿದೆ. ಎಂ.ಎ. ಓದುವಾಗ ಎಲ್ಲಿಂದಲೋ ಬರೆದುಕೊಂಡದ್ದು. ಆಗ ಪೂರ್ತಿ ನಂಬಿದ್ದೆ. ಈಗ ಅನುಮಾನ. ಜೋಗುಳ ಅಷ್ಟು ದೂರ ಕೇಳುತ್ತದೆಯೇ? ಕೇಳಿದರೂ, ಕೂಸು ಮಲಗಿರುವುದು ಯಾರ ತೊಡೆಯ ಮೇಲೆ?

ಭಾನುವಾರದ ನಾಲ್ಕು ಗಂಟೆಯ ವಿಡಿಯೋ ಕಾಲ್ ಈಗಷ್ಟೇ ಮುಗಿಯಿತು. ಹೊಸನಗರದಲ್ಲಿ ಯಮುನಮ್ಮ, ಮಲಾವಿ ದೇಶದ ಅನಾಥ ಮಕ್ಕಳ ಹೋಮಿನಲ್ಲಿ ತಮಾಂಡಾ, ನಡುವೆ ಸಾಗರದಲ್ಲಿ ನಾನು. ಯಮುನಮ್ಮನಿಗೆ ಇಂಗ್ಲಿಷ್ ಬಾರದು. ಮಾತು ದಾಟಿಸುವುದು ನನ್ನ ಕೆಲಸ.

“ತಲೆಗೆ ಎಣ್ಣೆ ಹಚ್ಕೊಂಡ್ಯಾ ಕೇಳು ಅದ್ರ ಹತ್ರ.”

“ಅಲ್ಲಿ ಮಕ್ಕಳ ಕೂದ್ಲು ಪೂರ್ತಿ ತೆಗ್ಸಿರ್ತಾರೆ ಯಮುನಮ್ಮ. ಸ್ಕೂಲಿನ ರೂಲ್ಸು.”

“ಕೂದ್ಲು ಇಲ್ದಿದ್ರೇನು, ತಲೆ ಇಲ್ವಾ? ಕೇಳೇ ಮಾರಾಯ್ತಿ.”

ಕೇಳಿದೆ. ಮಗು ನಕ್ಕಿತು. ಯಮುನಮ್ಮನನ್ನು ‘ಅಗೋಗೋ’ ಎನ್ನುತ್ತಾಳೆ. ಅವರ ಭಾಷೆಯಲ್ಲಿ ಅಜ್ಜಿ. “ಅಗೋ ಅಗೋ ಅಂತದೆ, ನಾ ಯಾವ ಕಡೆ ನೋಡ್ಲಿ?” — ಈ ಜೋಕು ಪ್ರತಿ ವಾರ. ಪ್ರತಿ ವಾರ ಅವರೊಬ್ಬರೇ ನಗುತ್ತಾರೆ. ಆಮೇಲೆ ನಾನೂ.

ಕೊನೆಯಲ್ಲಿ ಒಂದು ಪ್ರಶ್ನೆ. “ಅವ್ರವ್ವಂಗೆ ಎಂತ ತಿನ್ನಾಕೆ ಇಷ್ಟ ಇತ್ತಂತೆ?” ತಮಾಂಡಾ ಅಂಗಿಯ ಗುಂಡಿ ತಿರುವುತ್ತ ಹೇಳಿದಳು: ಮೆಕ್ಕೆಜೋಳದ ಮುದ್ದೆ, ಒಣಮೀನು. ಯಾಕೆ ಎಂದು ನಾನು ಕೇಳಿದರೆ ಯಮುನಮ್ಮ, “ಸುಮ್ನೆ.”

ತೀರ್ಥಹಳ್ಳಿಯ ತಿಮ್ಮಣ್ಣ ಮೇಷ್ಟ್ರು ಕರಪತ್ರಕ್ಕೆ ನಾಲ್ಕು ಸಾಲು ಕೇಳಿದ್ದಾರೆ. ಬರೆದೆ: ‘ನಮ್ಮ ಊರಿನ ನರ್ಸ್ ಸರೋಜ ಮಲಾವಿಯಲ್ಲಿದ್ದಾಗ ಕಂಡ ಮಕ್ಕಳಿಗಾಗಿ ಶುರುವಾದ ಸಂಘ. ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಮಾತ್ರ. ಒಂದೊಂದು ಮಗುವಿಗೂ ನಮ್ಮಲ್ಲಿ ಅದರ ಖರ್ಚು ಹೊರುವ ಒಂದು ಮನೆ. ಸಾಗರ, ಹೊಸನಗರ, ತೀರ್ಥಹಳ್ಳಿಗೆ ಕ್ರಮವಾಗಿ ವರದಾ, ಯಮುನಮ್ಮ, ತಿಮ್ಮಣ್ಣ ಮುಖ್ಯಸ್ಥರು.’ ಯಾರಿಗೂ ಸಂಬಳವಿಲ್ಲ ಎಂದು ಸೇರಿಸಬೇಕಿತ್ತು. ಬೈಗುಳ ಉಂಟು ಎಂದೂ.

21 ಸೆಪ್ಟೆಂಬರ್, ಮಹಾಲಯ ಅಮಾವಾಸ್ಯೆ

ಸಂಘದ ವಾಟ್ಸಾಪ್ ಗುಂಪಿಗೆ ಯಮುನಮ್ಮನ ಸೊಸೆ ಪ್ರತಿಮಾ ಫೋಟೋ ಹಾಕಿದಳು. ಹಿರಿಯರಿಗೆ ಎಡೆ ಇಟ್ಟದ್ದು. ಅತ್ತೆ ಮಾವನಿಗೆ, ಗಂಡನಿಗೆ ಸಾಲಾಗಿ ಎಲೆ. ಕೋಳಿ ಸಾರು, ಕೊಟ್ಟೆ ಕಡುಬು. ಕೊನೆಯಲ್ಲಿ ಸ್ವಲ್ಪ ಬೇರೆಯಾಗಿ ಇನ್ನೊಂದು ಎಲೆ. ಅದರ ಮೇಲೆ ಮೆಕ್ಕೆಜೋಳದ ಮುದ್ದೆ, ಹುರಿದ ಒಣಮೀನು.

‘ತಮಾಂಡಾನ ಅವ್ವಂಗೆ. ಅಲ್ಲಿ ಯಾರು ಇಡ್ತಾರೆ ಪಾಪ’ ಎಂದು ಅತ್ತೆ ಹೇಳಿದರಂತೆ. ಕಾಗೆ ಮೊದಲು ಮುಟ್ಟಿದ್ದು ಆ ಎಲೆಯನ್ನೇ ಅಂತೆ. ಫೋನಿನಲ್ಲಿ ಯಮುನಮ್ಮನ ದನಿಯಲ್ಲಿ ಎಷ್ಟು ಸಂತೋಷ!

ಮಲಾವಿಯ ಹೋಮ್ ನಡೆಸುವ ಮಿಸೆಸ್ ಬಾಂಡಾ ಗುಂಪಿನಲ್ಲಿ ಫೋಟೋ ನೋಡಿ ಇದೇನೆಂದು ಕೇಳಿದರು. ಇಂಗ್ಲಿಷಿನಲ್ಲಿ ಬರೆದೆ: ನಮ್ಮ ಪದ್ಧತಿ, ಈ ದಿನ ತೀರಿಕೊಂಡವರಿಗೆ ಬಡಿಸುತ್ತೇವೆ, ಕೊನೆಯ ಎಲೆ ತಮಾಂಡಾಳ ತಾಯಿಗೆ. ಕಳಿಸಿದ ಮೇಲೆ ಪದ್ಯಕ್ಕೆ ಕೈ ಹಾಕಿದೆ. ಎರಡು ಸಾಲು. ಹೊಡೆದುಹಾಕಿದೆ. ಎಲೆಯ ಮುಂದೆ ಪದ್ಯ ಯಾಕೆ…

23 ಸೆಪ್ಟೆಂಬರ್, ಮಂಗಳವಾರ

ಮಿಸೆಸ್ ಬಾಂಡಾ ಕರೆದರು. ಮೆಸೇಜ್ ಅಲ್ಲ, ಫೋನು.

ಫೋಟೋವನ್ನು ತಮಾಂಡಾಗೆ ತೋರಿಸಿದರಂತೆ. ಇದು ಸತ್ತವರಿಗೇ ಬಡಿಸುವುದೇ ಎಂದು ಕೇಳಿತಂತೆ ಮಗು. ಹೌದು ಎಂದರು. ಎದ್ದು ಹೋಯಿತು. ಊಟ ಬಿಟ್ಟಿತು. ಮರುದಿನ ಆಫೀಸಿನ ಬಾಗಿಲಲ್ಲಿ ನಿಂತು ಹೇಳಿತು — ಆ ಎಲೆ ತೆಗೆಯಲು ಹೇಳಿ. ನನ್ನ ಅಮ್ಮ ಬದುಕಿದ್ದಾಳೆ.

ತಂದೆ ಸತ್ತದ್ದು ನಿಜ. ತಾಯಿ ಕ್ಷಯ ಹತ್ತಿ ಆಸ್ಪತ್ರೆ ಸೇರಿದಾಗ ಅಜ್ಜಿ ಮಗುವನ್ನು ಹೋಮಿಗೆ ತಂದು ಬಿಟ್ಟಳು. ತಾಯಿ ಇದ್ದಾಳೆಂದರೆ ಸೇರಿಸಿಕೊಳ್ಳುವುದಿಲ್ಲ, ಯಾರು ಕೇಳಿದರೂ ಸತ್ತಳು ಅನ್ನು ಎಂದು ಕಲಿಸಿದಳು. ಅಜ್ಜಿ ಈಗಿಲ್ಲ. ತಾಯಿ ಗುಣವಾಗಿ ದೂರದ ಚಹಾ ತೋಟದಲ್ಲಿ ಎಲೆ ಕೀಳುತ್ತಾಳೆ. ಆಗೊಮ್ಮೆ ಈಗೊಮ್ಮೆ ಭಾನುವಾರ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದಳಂತೆ. ಮಾತಾಡುತ್ತಿರಲಿಲ್ಲ. ಮಗು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ.

ಇಷ್ಟು ವರ್ಷ ಎಲ್ಲರೆದುರು ತಾಯಿ ಸತ್ತಳು ಎಂದ ಮಗು. ಯಾರೋ ಅದನ್ನು ನಂಬಿ ಎಲೆ ಹಾಕಿ ಬಡಿಸಿದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಮಿಸೆಸ್ ಬಾಂಡಾ ನಿನ್ನೆಯೇ ತೋಟಕ್ಕೆ ಹೋಗಿ ತಾಯಿಯನ್ನು ಕಂಡು ಬಂದರಂತೆ. ತಮಾಂಡಾಗೆ ತಾಯಿಯ ಹತ್ತಿರ ಹೋಗಬೇಕು. ತಾಯಿಗೂ ಬೇಕು. ಸಂಘದ ನೆರವು ಮುಂದುವರಿದರೆ ಅಲ್ಲಿಯೇ ಶಾಲೆಗೆ ಹಾಕಬಹುದು. ಡಿಸೆಂಬರಿನಲ್ಲಿ ಟರ್ಮ್ ಮುಗಿದ ಮೇಲೆ ಕಳಿಸುತ್ತೇನೆ ಎಂದರು ಮಿಸೆಸ್ ಬಾಂಡಾ. ನೆರವು ನಿಂತರೆ? ತಾಯಿ ಹೇಳಿದಳಂತೆ — ಹಾಗಿದ್ದರೆ ಮಗು ಇಲ್ಲೇ ಓದಲಿ. ನಾನು ಸತ್ತವಳಾಗಿಯೇ ಇರುತ್ತೇನೆ.

28 ಸೆಪ್ಟೆಂಬರ್, ಭಾನುವಾರ

ಕಾಲ್. ಯಮುನಮ್ಮನಿಗೆ ಇನ್ನೂ ಹೇಳಿಲ್ಲ. ಬದುಕಿದ್ದವಳಿಗೆ ಎಡೆ ಇಟ್ಟಿರಿ ಎಂದು ಯಾವ ಬಾಯಲ್ಲಿ ಹೇಳಲಿ?

ತಮಾಂಡಾ ಅಳುತ್ತಿದ್ದಳು. ಸುಳ್ಳು ಹೇಳಿದ್ದಕ್ಕೆ ಅಗೋಗೋ ಸಿಟ್ಟಾಗಬಾರದು, ನನ್ನ ಅಮ್ಮ ಬದುಕಿದ್ದಾಳೆ, ಹೇಳಿ ಎಂದಳು.

“ಎಂತ ಅಂತು ಮಗು?” ಯಮುನಮ್ಮ.

“ಊಟ ಚೆನ್ನಾಗಿತ್ತಂತೆ.”

ಇಷ್ಟು ವರ್ಷದಲ್ಲಿ ಮೊದಲ ಸಲ ಮಾತನ್ನು ದಾಟಿಸದೆ ಇಟ್ಟುಕೊಂಡೆ.

30 ಸೆಪ್ಟೆಂಬರ್

ಬರೆಯಲು ಏನೂ ಇಲ್ಲ. ಇದೆ. ಬರೆಯುವುದಿಲ್ಲ.

4 ಅಕ್ಟೋಬರ್, ಶನಿವಾರ

ಬೆಳಗಿನ ಬಸ್ಸಿಗೆ ಹೊಸನಗರ. ಕಾರ್ಗಲ್‌ನಿಂದ ರಜೆಗೆ ಮನೆಗೆ ಬಂದಿದ್ದ ಇವರು, “ಫೋನಲ್ಲೇ ಹೇಳ್ಬಹುದಲ್ಲ” ಎಂದರು. ಆಗದು.

ಯಮುನಮ್ಮ ಹಿತ್ತಿಲಲ್ಲಿ ಹರಿವೆ ಸೊಪ್ಪು ಕೀಳುತ್ತಿದ್ದರು. ಎಲ್ಲ ಹೇಳಿದೆ. ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಸೊಪ್ಪು ಪಕ್ಕಕ್ಕಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತರು.

“ಹೋದ್ ಭಾನ್ವಾರ ಅದು ಅಳ್ತಿತ್ತು. ನೀ ಊಟ ಚೆನ್ನಾಗಿತ್ತು ಅಂದೆ. ಊಟಕ್ಕೆ ಯಾರಾದ್ರೂ ಅಳ್ತಾರಾ ವರದಾ? ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ.”

ಪ್ರತಿಮಾ ಕಾಫಿ ತಂದಳು. ಅದು ಆರಿತು.

“ಕಾಗೆ ಮುಟ್ತು ಅಂತ ಖುಷಿ ಪಟ್ಟೆನಲ್ಲೇ ನಾನು…” ಪಕ್ಕಕ್ಕಿಟ್ಟ ಸೊಪ್ಪನ್ನು ಮತ್ತೆ ಎಳೆದುಕೊಂಡರು. “ಚಿಕ್ಕ ಮಗು ತಾಯಿ. ಅವಳಿಗೇನಾದ್ರೂ ಆದ್ರೆ?”

“ಹಾಗೆಲ್ಲ ಆಗಲ್ಲ ಯಮುನಮ್ಮ.”

“ನೀ ಓದ್ದೋಳು, ಆಗಲ್ಲ ಅಂತೀಯ. ನಂಗೆ ನಿದ್ದೆ ಬರ್ಬೇಕಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡರು. “ಅವಳ ಹೆಸ್ರೇನು?”

ಎಸ್ತರ್ ಎಂದೆ. ನನಗೂ ಗೊತ್ತಾದದ್ದು ಮೊನ್ನೆ. ಎಡೆ ಇಟ್ಟಾಗ ಇಬ್ಬರಿಗೂ ಹೆಸರೇ ಗೊತ್ತಿರಲಿಲ್ಲ.

“ಹೆಸ್ರು ಹಿಡ್ದು ಕರೀಲಿಲ್ಲ ನಾನು. ‘ತಮಾಂಡಾನ ಅವ್ವ’ ಅಂದಿದ್ದಷ್ಟೆ. ಅವಳಿಗೆ ತಾಗಿರಲ್ಲ ಬಿಡು.” ತಮಗೆ ತಾವೇ ಹೇಳಿಕೊಂಡಂತಿತ್ತು. ಮತ್ತೆ, “ಆದ್ರೂ ಅಷ್ಟಕ್ಕೇ ಬಿಟ್ರೆ ಆಗ್ಲಿಕ್ಕಿಲ್ಲ. ಅವಳಿಗೆ ಮಡ್ಲು ತುಂಬ್ಬೇಕು. ಮಗಳ ಹಂಗೆ ಕೂರ್ಸಿ ತುಂಬ್ಬೇಕು. ಬಾಳ್ಲಿ.”

ಒಳಗಿನಿಂದ ಪ್ರತಿಮಾ, “ಅತ್ತೆ, ಅವರಿಗೆ ಗಂಡ ಇಲ್ವಲ್ಲ” ಎಂದಳು.

“ನಂಗೂ ಇಲ್ಲ. ಇಬ್ರದ್ದೂ ಸರಿ ಹೋಯ್ತು. ಯಾರು ಬಂದು ಕೇಳ್ತಾರೆ ನೋಡಣ.”

12 ಅಕ್ಟೋಬರ್, ಭಾನುವಾರ

ತೀರ್ಥಹಳ್ಳಿ. ತಿಮ್ಮಣ್ಣ ಮೇಷ್ಟ್ರ ಮನೆಯ ಜಗಲಿಯಲ್ಲಿ ಮೂವರೂ. ಮೇಷ್ಟ್ರು ಕೆಟ್ಟವರಲ್ಲ. ಅದೇ ಕಷ್ಟ.

“ಯಾರೂ ಇಲ್ದ ಮಕ್ಳಿಗೆ ಅಂತ ನಾವು ಮನೆಮನೆಗೆ ಹೋಗಿ ಕೇಳಿದ್ದು. ಈಗ ತಾಯಿ ಇದಾಳೆ ಅಂದ್ರೆ ಜನ ಏನಂತಾರೆ? ಉಳಿದ ಮಕ್ಳ ಮೇಲೂ ಅನುಮಾನ ಬರುತ್ತೆ. ಅಲ್ಲದೆ, ನಿಜ್ವಾಗೂ ಯಾರೂ ಇಲ್ದ ಮಗು ಒಂದು ಗೇಟಿನ ಹೊರಗೆ ಕಾಯ್ತಿರುತ್ತಲ್ಲಮ್ಮ. ಅದಕ್ಕೇನು ಹೇಳ್ತೀರಿ?”

ಸರಿಯಾದ ಮಾತು.

“ಅದು ತಾಯಿ ಸತ್ಳು ಅಂತಿದ್ದಾಗ ಊಟ ಹಾಕಿದ್ವಿ ಮೇಷ್ಟ್ರೆ,” ಎಂದರು ಯಮುನಮ್ಮ. “ಈಗ ಬದುಕಿದಾಳೆ ಅಂತು. ಅದಕ್ಕೆ ಬಟ್ಲು ಕಿತ್ಕಳಣಾ? ನಾಳಿಂದ ಅಲ್ಲಿ ಯಾವ ಮಗು ನಿಜ ಹೇಳತ್ತೆ?”

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

ಆಗ ನಾನು ಚರ್ಚಿನ ಹಿಂದಿನ ಬೆಂಚಿನ ವಿಷಯ ಹೇಳಿದೆ. ಮಗು ತಿರುಗಿ ನೋಡದೆ ಕೂತದ್ದನ್ನು. ಅದನ್ನು ಅವರಿಗೆ ಇದುವರೆಗೆ ಹೇಳಿರಲಿಲ್ಲ.

“ನೋಡ್ತಾನೇ ಇರ್ಲಿಲ್ವಾ?”

“ಇಲ್ಲ ಮೇಷ್ಟ್ರೆ.”

ಎದ್ದು ಒಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಯಮುನಮ್ಮನ ಮುಂದಿಟ್ಟರು. “ತಮಾಂಡಾ ನಿಮ್ಮನೆ ಮಗುವಾಗೇ ಇರ್ಲಿ, ತಾಯಿ ಹತ್ರ ಇದ್ರೂ. ಹೋಮಿನಲ್ಲಿ ಅವಳ ಜಾಗಕ್ಕೆ ಬರೋ ಮಗು ನಮ್ಮನೆಗೆ. ಜನರಿಗೆ ಇದ್ದಿದ್ದು ಇದ್ದ ಹಾಗೆ ನಾನೇ ಹೇಳ್ತೀನಿ. ಬಿಟ್ಟು ಹೋಗೋರು ಹೋಗ್ಲಿ.” ಸ್ವಲ್ಪ ತಡೆದು, “ಆದ್ರೆ ಇನ್ಮೇಲೆ ಕೇಳ್ದೆ ಯಾರಿಗೂ ಎಡೆ ಇಡ್ಬೇಡಿ ಯಮುನಮ್ಮ, ದಮ್ಮಯ್ಯ.”

“ನಿಮಗಂತೂ ಈಗ್ಲೇ ಇಡಲ್ಲ ಬಿಡಿ.”

ಮೇಷ್ಟ್ರು ನಕ್ಕದ್ದನ್ನು ನೋಡಿ ಅವರ ಮನೆಯವರೇ ಬಾಗಿಲಿಗೆ ಬಂದರು.

26 ಅಕ್ಟೋಬರ್, ಭಾನುವಾರ

ಹೇಗೆ ಬರೆಯಲಿ.

ಇವತ್ತಿನ ಕಾಲ್‌ಗೆ ಎಸ್ತರ್ ಹೋಮಿಗೆ ಬಂದಿದ್ದಳು. ಮೊದಲ ಸಲ ನೋಡಿದ್ದು. ಇಷ್ಟು ಚಿಕ್ಕವಳೇ! ತಮಾಂಡಾ ಅಂಟಿಕೊಂಡು ಕೂತಿದ್ದಳು, ತಾಯಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದು.

ಯಮುನಮ್ಮ ಹೊಸನಗರದಲ್ಲಿ ಮಣೆ ಹಾಕಿ, ಮೊರದಲ್ಲಿ ಅಕ್ಕಿ, ಕಾಯಿ, ರವಿಕೆ ಕಣ, ಬಳೆ ಇಟ್ಟುಕೊಂಡು ಕೂತಿದ್ದರು. ಅವರು ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ, ಮಿಸೆಸ್ ಬಾಂಡಾ ಅವರ ಭಾಷೆಯಲ್ಲಿ. ಮಡಿಲು ತುಂಬುವುದನ್ನು ಇಂಗ್ಲಿಷಿನಲ್ಲಿ ಏನೆನ್ನುವುದು? ‘ನೀನು ಈ ಮನೆಯ ಮಗಳು, ಬರಿಗೈಲಿ ಕಳಿಸುವುದಿಲ್ಲ ಎನ್ನುತ್ತಿದ್ದಾರೆ’ ಎಂದೆ. ಎಸ್ತರ್ ಸೊಂಟಕ್ಕೆ ಸುತ್ತಿದ್ದ ಹೂವಿನ ಬಟ್ಟೆಯ ಅಂಚನ್ನು ಎರಡು ಕೈಯಲ್ಲಿ ಒಡ್ಡಿ ಮಂಡಿಯೂರಿದಳು. ಅವರಲ್ಲಿ ಹಿರಿಯರಿಂದ ತೆಗೆದುಕೊಳ್ಳುವುದು ಹಾಗೆಯೇ ಅಂತೆ.

ಇಲ್ಲಿ ಯಮುನಮ್ಮ ಒಂದು ಬೊಗಸೆ ಅಕ್ಕಿ ಹಾಕಿದರೆ ಅಲ್ಲಿ ಮಿಸೆಸ್ ಬಾಂಡಾ ಜೋಳದ ಹಿಟ್ಟಿನ ಪೊಟ್ಟಣ. ಶೇಂಗಾ. ಒಂದು ಹೊಸ ಬಟ್ಟೆ.

“ಕಾಯಿ ಎಲ್ಲಿ?”

“ಅಲ್ಲಿ ತೆಂಗಿನಕಾಯಿ ಸಿಗ್ಲಿಲ್ವಂತೆ. ಕುಂಬಳಕಾಯಿ ತಂದಿದಾರೆ.”

“ಅದೂ ಕಾಯಿನೇ. ಹಾಕ್ಲಿ!”

ಆ ಭಾರಕ್ಕೆ ಎಸ್ತರ್ ಮುಗ್ಗರಿಸಿದಳು. ತಮಾಂಡಾ ಕೆಳಗಿನಿಂದ ಎರಡು ಕೈ ಕೊಟ್ಟು ಹಿಡಿದಳು, ಜೋರಾಗಿ ನಗುತ್ತ. ಯಮುನಮ್ಮ ಮಾತ್ರ ನಗಲಿಲ್ಲ. ಪರದೆಯ ಹತ್ತಿರ ಬಂದು ಎಸ್ತರಳ ಮುಖವನ್ನು ನೋಡುತ್ತಿದ್ದರು.

“ಏಳು ತಾಯಿ. ಮಂಡಿ ನೋಯ್ತದೆ. ನೂರು ವರ್ಷ ಬಾಳು.”

ಇದನ್ನು ಎರಡು ಸಲ ದಾಟಿಸಿದೆ. ಮಿಸೆಸ್ ಬಾಂಡಾ ಕೂಡ.

14 ಡಿಸೆಂಬರ್, ಭಾನುವಾರ

ಹೊರಡುವ ಮುಂಚಿನ ಕೊನೆಯ ಕಾಲ್. ಶುಕ್ರವಾರ ತಮಾಂಡಾ ತಾಯಿಯ ಹತ್ತಿರ ಹೋಗುತ್ತಾಳೆ. ಆ ತೋಟದ ಕಡೆ ನೆಟ್‌ವರ್ಕ್ ಇಲ್ಲ. ಮಿಸೆಸ್ ಬಾಂಡಾ ಆಗಾಗ ಹೋಗಿ ನೋಡಿ ಬರುತ್ತಾರೆ, ಸುದ್ದಿ ಕಳಿಸುತ್ತಾರೆ.

ಯಮುನಮ್ಮನ ಬುದ್ಧಿಮಾತು ಮುಗಿಯುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು. ಆಮೇಲೆ, “ಎಲ್ಲ ನಂದೇ ಆಯ್ತು. ನೀನೂ ಏನಾದ್ರೂ ಹೇಳೇ ವರದಾ.”

ಏನೂ ಬರಲಿಲ್ಲ. ಇಷ್ಟು ಭಾನುವಾರ ಆ ಮಗುವಿನೊಡನೆ ಮಾತಾಡಿದ್ದೇನೆ. ಒಂದು ವಾಕ್ಯವೂ ನನ್ನದಲ್ಲ. ಚೆನ್ನಾಗಿ ಓದು ಎಂದೆ. ಎಂಥ ಮಾತು!

ತಮಾಂಡಾ ಹೇಳಿದಳು: ಅಗೋಗೋ ನೆನಪಾದಾಗೆಲ್ಲ ಮುಖ ಅವರದು, ದನಿ ಮಾತ್ರ ನಿಮ್ಮದು.

ಯಮುನಮ್ಮ, “ಎಂತ ಅಂತು?”

ದಾಟಿಸಿದೆ. ಪೂರ್ತಿ.

“ಸರಿಯಾಗೇ ಅಂದಿದೆ,” ಎಂದರು.

21 ಡಿಸೆಂಬರ್, ಭಾನುವಾರ, ಸಂಜೆ ಐದು

ಮೊನ್ನೆ ರಾತ್ರಿಯೇ ಮಿಸೆಸ್ ಬಾಂಡಾರಿಂದ ಫೋಟೋ ಬಂದಿತ್ತು. ಮಣ್ಣಿನ ಗೋಡೆ, ತಗಡಿನ ಸೂರು, ಬಾಗಿಲಲ್ಲಿ ಇಬ್ಬರು. ಇನ್ನೇನು ಬೇಕು. ಹೀಗೇ ಆಗಲಿ ಎಂದು ತಾನೇ ಊರೂರು ಅಲೆದದ್ದು.

ಆದರೂ ನಾಲ್ಕಕ್ಕೆ ಫೋನು ಚಾರ್ಜಿನಿಂದ ತೆಗೆದು ಮುಂದಿಟ್ಟುಕೊಂಡು ಕೂತೆ. ಕಾಲು ಗಂಟೆ ಕಳೆದ ಮೇಲೆ ನನಗೇ ನಗು ಬಂತು. ಪುಸ್ತಕ ತೆಗೆದೆ. ಒಂದೇ ಪುಟ, ಮತ್ತೆ ಮತ್ತೆ. ಯಮುನಮ್ಮನಿಗೆ ಮಾಡೋಣವೆಂದರೆ ಅವರ ಫೋನು ಎಂಗೇಜ್. ಅವರೂ ನನಗೇ ಮಾಡುತ್ತಿದ್ದಾರೋ ಏನೋ. ಮನೆಯಲ್ಲಿ ಇಷ್ಟು ಸದ್ದಿಲ್ಲದ ಭಾನುವಾರ —

ಬಾಗಿಲು ಬಡಿದರು. ಪಕ್ಕದ ಮನೆಯ ಹೂವಮ್ಮ. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ನನ್ನ ಮುಖ ನೋಡಿದರು.

“ಅಲ್ಲ ವರದಕ್ಕ, ಭಾನ್ವಾರ ನಿಮ್ಮ ಇಂಗ್ಲಿಷು ಕೇಳಿದ್ಮೇಲೇ ನಾ ಕಾಫಿಗಿಡೋದು. ಇವತ್ತು ಐದಾದ್ರೂ ನಮ್ಮನೇಲಿ ಕಾಫಿ ಇಲ್ಲ. ಹುಡುಗಿ ಅವ್ರಮ್ಮನ ಹತ್ರ ಹೋಯ್ತಾ?”